ಚಿತ್ರಕಥೆಯ ಪುಸ್ತಕ: ಗೆರೆ ಯಾರದು, ಗಂಟು ಯಾರದು?

(ಬಂಟ್ವಾಳ, ಬೆಳ್ತಂಗಡಿಗಳಲ್ಲಿ ಆಡಿ, ಕೊನೆಗೆ ಮೂಡುಬಿದಿರೆಯಲ್ಲಿ ಮುಗಿಸಿದ ಮಾತಿನ ಪೂರ್ಣ ಪಾಠ)



ಇದೇ ವಿಷಯವನ್ನು ನಾವು ಈಗ ಮೂರನೆಯ ಸಲ ಹೇಳುತ್ತಿದ್ದೇವೆ. ಮೊದಲು ಬಂಟ್ವಾಳದಲ್ಲಿ ಹೇಳಿದೆವು, ಆಮೇಲೆ ಬೆಳ್ತಂಗಡಿಯಲ್ಲಿ. ಎರಡು ಕಡೆಗಳಲ್ಲಿಯೂ ಕೇಳಿದವರು ನಮ್ಮನ್ನು ತಿದ್ದಿದರು. ಆದ್ದರಿಂದ ಈ ದಿನ ಮೂಡುಬಿದಿರೆಯಲ್ಲಿ ನೀವು ಕೇಳುವುದು ಬರೇ ನಮ್ಮ ಮಾತಲ್ಲ. ಅವರ ಪ್ರಶ್ನೆಗಳೂ ಅದರೊಳಗೆ ಸೇರಿವೆ.

ಬಂಟ್ವಾಳದಲ್ಲಿ ನಾವು ಬಾಯಿ ತೆರೆಯುವ ಮೊದಲೇ ದಿನಸಿ ಅಂಗಡಿಯವರೊಬ್ಬರು ಎದ್ದು ನಿಂತು, "ಅಲ್ಲ ಮಾರಾಯ್ರೆ, ಬೀಡಿಯ ಮಜೂರಿಯ ಮಾತುಂಟು, ಅಂಗಡಿ ಬಾಡಿಗೆಯ ಮಾತುಂಟು, ಸಾಲದ ಮಾತುಂಟು. ಅದನ್ನೆಲ್ಲ ಬಿಟ್ಟು ಮಕ್ಕಳ ಚಿತ್ರದ ಪುಸ್ತಕದ ಮಾತೆಂಥದ್ದು?" ಎಂದು ಕೇಳಿದರು.

ನ್ಯಾಯವಾದ ಪ್ರಶ್ನೆಯೇ. ಅದಕ್ಕೆ ನಾವು ಕೊಟ್ಟ ಉತ್ತರ ಇಷ್ಟು: ಚಿತ್ರದ ಪುಸ್ತಕವೂ ಒಂದು ಸರಕು. ಬೀಡಿಯ ಹಾಗೆ, ಹೆಂಚಿನ ಹಾಗೆ, ಗೇರುಬೀಜದ ಹಾಗೆ ಅದನ್ನೂ ಯಾರೋ ಕೈಯಿಂದ ಮಾಡುತ್ತಾರೆ, ಯಾರೋ ಯಂತ್ರಕ್ಕೆ ಕೊಡುತ್ತಾರೆ, ಯಾರೋ ಲಾರಿಗೆ ಏರಿಸುತ್ತಾರೆ, ಯಾರೋ ಅಂಗಡಿಯ ಮುಂದೆ ದಾರಕ್ಕೆ ತೂಗುಹಾಕುತ್ತಾರೆ. ಲಾಭ ಮಾತ್ರ ಈ ಸರಪಳಿಯ ಒಂದೆರಡು ಕೊಂಡಿಗಳಲ್ಲಿಯೇ ನಿಲ್ಲುತ್ತದೆ. ಎಲ್ಲಿ ನಿಲ್ಲುತ್ತದೆ, ಏಕೆ ನಿಲ್ಲುತ್ತದೆ ಎಂಬುದನ್ನು ನಮ್ಮ ಮನೆಯ ಮಗುವಿನ ಕೈಯಲ್ಲಿರುವ ಪುಸ್ತಕದಿಂದಲೇ ಕಲಿಯಬಹುದು.

ಅಲ್ಲದೆ ನಮ್ಮ ಈ ಸೀಮೆಗೆ ಮಕ್ಕಳ ಪುಸ್ತಕ ಹೊರಗಿನ ವಿಷಯವೂ ಅಲ್ಲ. ಪಂಜೆ ಮಂಗೇಶರಾಯರು 1874ರಲ್ಲಿ ಹುಟ್ಟಿದ್ದು ಬಂಟ್ವಾಳದಲ್ಲಿ. ಕನ್ನಡದ ಮಕ್ಕಳಿಗೆ ಅವರ ಬಾಯಿಗೆ ಹತ್ತುವ ಪದ್ಯಗಳನ್ನು ಬರೆದುಕೊಟ್ಟವರು ಅವರು. ಕೋಟಿ ಚೆನ್ನಯರ ಕಥೆಯನ್ನು ಕನ್ನಡ ಗದ್ಯಕ್ಕೆ ತಂದವರೂ ಅವರೇ. ಇನ್ನು ದೇಶದ ಉದ್ದಗಲಕ್ಕೂ ಹೆಸರಾದ 'ಅಮರ ಚಿತ್ರ ಕಥೆ'ಯನ್ನು ಕಟ್ಟಿದ ಅನಂತ ಪೈ ಹುಟ್ಟಿದ್ದು ಕಾರ್ಕಳದಲ್ಲಿ. ಇಲ್ಲಿಂದ ಬಸ್ಸು ಹತ್ತಿದರೆ ಹೆಚ್ಚು ದೂರವಿಲ್ಲ. ಆದರೆ ಆ ಕಥೆಗೆ ಬರುವ ಮೊದಲು ಒಮ್ಮೆ ಅಮೆರಿಕಕ್ಕೆ ಹೋಗಿ ಬರಬೇಕು. ಈ ಸರಕು ಮೊದಲು ಹುಟ್ಟಿದ್ದು ಅಲ್ಲಿ. ಅದರ ಜೊತೆಗೇ ಅದರ ಅನ್ಯಾಯವೂ ಅಲ್ಲಿಯೇ ಹುಟ್ಟಿತು.

ಯಂತ್ರ ಸುಮ್ಮನೆ ನಿಲ್ಲಬಾರದು

1930ರ ದಶಕದ ಆರಂಭ. ಅಮೆರಿಕದಲ್ಲಿ ದೊಡ್ಡ ಮುಗ್ಗಟ್ಟು. ಕಾರ್ಖಾನೆಗಳು ಮುಚ್ಚಿವೆ, ಜನ ಬೀದಿಯಲ್ಲಿದ್ದಾರೆ. ಕನೆಕ್ಟಿಕಟ್ ರಾಜ್ಯದ ವಾಟರ್‌ಬರಿ ಎಂಬ ಊರಿನಲ್ಲಿ ಈಸ್ಟರ್ನ್ ಕಲರ್ ಪ್ರಿಂಟಿಂಗ್ ಕಂಪೆನಿ ಎಂಬ ಮುದ್ರಣಾಲಯ. ಭಾನುವಾರದ ಪತ್ರಿಕೆಗಳಿಗೆ ಬಣ್ಣದ ಚಿತ್ರಪುಟಗಳನ್ನು ಅಚ್ಚು ಹಾಕುವುದು ಅದರ ಕೆಲಸ. ಆ ಬಣ್ಣದ ಯಂತ್ರಗಳು ಬಲು ದುಬಾರಿ. ಅವು ನಿಂತ ಗಂಟೆಯೆಲ್ಲ ನಷ್ಟದ ಗಂಟೆ. ಮಿಲ್ಲಿನಲ್ಲಿ ದುಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಯಂತ್ರ ಓಡುತ್ತಿರಬೇಕಲ್ಲ! ಅಲ್ಲಿನ ಮಾರಾಟದವರು ಒಂದು ಉಪಾಯ ಹುಡುಕಿದರು. ಪತ್ರಿಕೆಯ ದೊಡ್ಡ ಹಾಳೆಯನ್ನು ಮಡಚಿ ಮಡಚಿ ಸಣ್ಣ ಪುಸ್ತಕ ಮಾಡುವುದು. ಪತ್ರಿಕೆಯಲ್ಲಿ ಒಮ್ಮೆ ಬಂದುಹೋದ ಚಿತ್ರಗಳನ್ನೇ ಅದರಲ್ಲಿ ಮತ್ತೆ ತುಂಬುವುದು. 1933ರಲ್ಲಿ ಸಾಬೂನು ಮಾಡುವ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪೆನಿ ಇಂಥ ಪುಸ್ತಕದ ಹತ್ತು ಸಾವಿರ ಪ್ರತಿಗಳನ್ನು ಗಿರಾಕಿಗಳಿಗೆ ಇನಾಮಾಗಿ ಹಂಚಲು ಕೊಂಡಿತು. ಮರುವರ್ಷ ಹತ್ತು ಸೆಂಟಿನ ಬೆಲೆ ಹಾಕಿ ಇದೇ ಜಾತಿಯ ಪುಸ್ತಕವನ್ನು ಪತ್ರಿಕೆಯ ಅಂಗಡಿಗಳಿಗೆ ಬಿಟ್ಟರು. ಮಕ್ಕಳು ಕೊಂಡರು. ಹೀಗೆ ಕಾಮಿಕ್ ಪುಸ್ತಕವೆಂಬುದು ಅಂಗಡಿಯ ಸರಕಾಯಿತು. ಇದರ ಮೂಲದಲ್ಲಿ ಕಲೆಯ ಹಂಬಲ ಇರಲಿಲ್ಲ, ಮಕ್ಕಳ ಹಿತವೂ ಇರಲಿಲ್ಲ. ನಿಂತ ಯಂತ್ರವನ್ನು ಓಡಿಸುವ ತುರ್ತು ಇತ್ತು.

ಆಮೇಲೆ ಬಂದವರು ಮಾಲ್ಕಮ್ ವೀಲರ್-ನಿಕೋಲ್ಸನ್. ಸೈನ್ಯದಲ್ಲಿ ಮೇಜರಾಗಿದ್ದು, ಹೊರಬಂದ ಮೇಲೆ ಸಾಹಸದ ಕಥೆ ಬರೆದು ಬದುಕುತ್ತಿದ್ದವರು. ಪತ್ರಿಕೆಯಲ್ಲಿ ಬಂದ ಹಳೆಯ ಚಿತ್ರಗಳ ಹಕ್ಕು ಕೊಳ್ಳಲು ಅವರಲ್ಲಿ ಹಣವಿರಲಿಲ್ಲ. ಆದ್ದರಿಂದ ಹೊಸಬರಿಂದ ಹೊಸ ಚಿತ್ರಗಳನ್ನೇ ಬರೆಸಿದರು. 1935ರ ಫೆಬ್ರವರಿಯ ತಾರೀಕು ಹೊತ್ತು ಅವರ ಮೊದಲ ಪುಸ್ತಕ ಹೊರಬಂತು. ಇಂದು ಡಿ.ಸಿ. ಎಂದು ಲೋಕವೆಲ್ಲ ಕರೆಯುವ ಕಂಪೆನಿಯ ಬುಡ ಇದೇ.

ಬುಡ ಹಾಕಿದವರು ಅದರ ನೆರಳಿನಲ್ಲಿ ಕೂರಲಿಲ್ಲ. ಮೇಜರರಿಗೆ ಮುದ್ರಣದ ಸಾಲ, ವಿತರಣೆಯ ಸಾಲ. ಸಾಲ ಕೊಟ್ಟವರು ಹ್ಯಾರಿ ಡೊನೆನ್‌ಫೆಲ್ಡ್. ಮುದ್ರಣ, ವಿತರಣೆ ಎರಡರಲ್ಲಿಯೂ ಕೈಯಿದ್ದ ವ್ಯಾಪಾರಿ. ಅವರ ಲೆಕ್ಕ ನೋಡುತ್ತಿದ್ದವರು ಜ್ಯಾಕ್ ಲೀಬೊವಿಟ್ಸ್. 1937ರಲ್ಲಿ ಮೇಜರರು ಇವರನ್ನು ಪಾಲುದಾರರಾಗಿ ಸೇರಿಸಿಕೊಳ್ಳಬೇಕಾಯಿತು. 1938ರಲ್ಲಿ ಮೇಜರರ ಕಂಪೆನಿ ದಿವಾಳಿ. ಆಸ್ತಿಯೆಲ್ಲ ಡೊನೆನ್‌ಫೆಲ್ಡ್ ಕೈಗೆ. ಪುಸ್ತಕ ಮಾಡುವವನು ಸೋತ, ಪುಸ್ತಕ ಸಾಗಿಸುವವನು ಗೆದ್ದ. ಇಲ್ಲಿ ಕುಳಿತಿರುವ ಸಣ್ಣ ವ್ಯಾಪಾರಿಗಳಿಗೆ ಇದು ಪರಿಚಯದ ಆಟವೇ ಅಲ್ಲವೇ? ಉದ್ದರಿ ಕೊಟ್ಟ ಸಗಟು ವ್ಯಾಪಾರಿಯೇ ಕೊನೆಗೆ ಅಂಗಡಿಯ ಯಜಮಾನನಾಗುವುದನ್ನು ನಾವು ಕಂಡಿಲ್ಲವೇ?

ಒಂದು ಸಂಗತಿಯನ್ನು ಇಲ್ಲಿ ಹೇಳದಿದ್ದರೆ ನಮ್ಮ ಮಾತು ಅಪ್ರಾಮಾಣಿಕವಾದೀತು. ಈ ಲೀಬೊವಿಟ್ಸ್ ಎಂಬವರು ಯೌವನದಲ್ಲಿ ಹೆಂಗಸರ ಉಡುಪು ಹೊಲಿಯುವ ಕಾರ್ಮಿಕರ ಸಂಘದ ಮುಷ್ಕರ ನಿಧಿಯ ಲೆಕ್ಕ ನೋಡಿಕೊಂಡಿದ್ದವರು. ನಮ್ಮ ಕಡೆಯಿಂದಲೇ ಹೋದವರು! ಸಂಘದ ಪುಸ್ತಕದಲ್ಲಿ ಲೆಕ್ಕ ಬರೆದ ಕೈ ಮುಂದೆ ಯಾರ ಪುಸ್ತಕದಲ್ಲಿ ಬರೆಯುತ್ತದೆ ಎಂಬುದರ ಮೇಲೂ ನಾವು ಕಣ್ಣಿಟ್ಟಿರಬೇಕು.

130 ಡಾಲರ್

ಅದೇ 1938. ಕ್ಲೀವ್‌ಲೆಂಡ್ ಎಂಬ ಕೈಗಾರಿಕೆಯ ನಗರದಲ್ಲಿ ಇಬ್ಬರು ಗೆಳೆಯರು: ಬರೆಯುವ ಜೆರ್ರಿ ಸೀಗಲ್, ಚಿತ್ರಿಸುವ ಜೋ ಶುಸ್ಟರ್. ಇಬ್ಬರೂ ವಲಸೆ ಬಂದ ಬಡ ಯೆಹೂದಿ ಮನೆಗಳ ಮಕ್ಕಳು. ಸೀಗಲ್‌ರ ತಂದೆಗೆ ಸಣ್ಣ ಬಟ್ಟೆಯಂಗಡಿಯಿತ್ತು. 1932ರಲ್ಲಿ ಅಂಗಡಿಗೆ ಕಳ್ಳರು ನುಗ್ಗಿದ ಸಂದರ್ಭದಲ್ಲಿ ಅವರು ತೀರಿಕೊಂಡರು. ಶುಸ್ಟರ್‌ರ ತಂದೆ ದರ್ಜಿ. ಚಿತ್ರ ಬರೆಯಲು ಒಳ್ಳೆಯ ಕಾಗದ ಕೊಳ್ಳಲಾಗದೆ ಶುಸ್ಟರ್ ಸಾಮಾನು ಕಟ್ಟುವ ಕಾಗದದ ಮೇಲೂ ಬರೆದದ್ದುಂಟು.

ಈ ಇಬ್ಬರು ಕಲ್ಪಿಸಿದ ನಾಯಕನೇ ಸೂಪರ್‌ಮ್ಯಾನ್. ಹಲವು ಕಡೆ ಬೇಡವೆನಿಸಿಕೊಂಡು ಅದು ಕೊನೆಗೆ ಡೊನೆನ್‌ಫೆಲ್ಡ್ ಕಂಪೆನಿಗೆ ಬಂತು. 13 ಪುಟ, ಪುಟಕ್ಕೆ 10 ಡಾಲರ್, ಒಟ್ಟು 130 ಡಾಲರ್. ಆ ಹಣದ ಜೊತೆಗೆ ಒಂದು ಕಾಗದಕ್ಕೆ ರುಜು: ನಾಯಕನ ಮೇಲಿನ ಸರ್ವ ಹಕ್ಕು ಎಂದೆಂದಿಗೂ ಕಂಪೆನಿಯದು.

ಮೊದಲಿನ ಆ ಸೂಪರ್‌ಮ್ಯಾನ್ ಯಾರ ಮೇಲೆ ಕೈಯೆತ್ತುತ್ತಿದ್ದ ಎಂಬುದನ್ನು ನೀವು ಕೇಳಬೇಕು. ಆಕಾಶದಿಂದ ಬಂದ ರಾಕ್ಷಸರ ಮೇಲಲ್ಲ. ಅದೇ ವರ್ಷದ ಮೂರನೆಯ ಸಂಚಿಕೆಯಲ್ಲಿ ಗಣಿ ಕುಸಿದು ಕೂಲಿಯವನೊಬ್ಬ ಸಿಕ್ಕಿಕೊಳ್ಳುತ್ತಾನೆ. ಗಣಿಯ ಯಜಮಾನ ಅದು ಕೂಲಿಯವನ ಅಜಾಗರೂಕತೆ ಎನ್ನುತ್ತಾನೆ. ಆಗ ಸೂಪರ್‌ಮ್ಯಾನ್ ಉಪಾಯದಿಂದ ಆ ಯಜಮಾನನನ್ನೂ ಅವನ ಶ್ರೀಮಂತ ಅತಿಥಿಗಳನ್ನೂ ಅದೇ ಗಣಿಯೊಳಗೆ ಸಿಕ್ಕಿಸುತ್ತಾನೆ. ಹಾರೆ ಹಿಡಿಯಲು ಬಾರದ ಕೈಗಳು, ಕೆಲಸ ಮಾಡದ ಅಪಾಯದ ಗಂಟೆ. ಹೊರಬಂದ ಯಜಮಾನ ತನ್ನ ಗಣಿಯನ್ನು ದೇಶದಲ್ಲಿಯೇ ಸುರಕ್ಷಿತ ಗಣಿಯನ್ನಾಗಿ ಮಾಡುತ್ತೇನೆಂದು ಮಾತು ಕೊಡುತ್ತಾನೆ. ಬಡವರ ಮಕ್ಕಳು ಬರೆದ ಕಥೆ ಬಡವರ ಪರವಾಗಿತ್ತು. ಪುಸ್ತಕ ಲಕ್ಷಗಟ್ಟಲೆ ಮಾರಾಟವಾಗತೊಡಗಿದ ಮೇಲೆ ಗಣಿಯ ಯಜಮಾನರು ಕಥೆಯಿಂದ ಮೆಲ್ಲನೆ ಮಾಯವಾದರು.

ಗಣಿಯ ಯಜಮಾನನನ್ನು ಬಗ್ಗಿಸಿದ ಸೂಪರ್‌ಮ್ಯಾನನಿಗೆ ತನ್ನನ್ನು ಹುಟ್ಟಿಸಿದವರನ್ನು ಕಾಪಾಡಲಾಗಲಿಲ್ಲ. 1947ರಲ್ಲಿ ಇಬ್ಬರೂ ಹಕ್ಕು ಕೇಳಿ ಕೋರ್ಟಿಗೆ ಹೋದರು. ಮರುವರ್ಷ ಸುಮಾರು 94 ಸಾವಿರ ಡಾಲರಿಗೆ ರಾಜಿಯಾಯಿತು. ಅದರಲ್ಲಿ ವಕೀಲರ ಪಾಲು ದೊಡ್ಡದು. ಕೆಲಸ ಹೋಯಿತು, ಪುಸ್ತಕದ ಮೇಲಿನ ಹೆಸರೂ ಹೋಯಿತು. ಮುಂದೆ ಸೀಗಲ್ ಲಾಸ್ ಏಂಜಲೀಸಿನಲ್ಲಿ ಗುಮಾಸ್ತಗಿರಿ ಮಾಡಿದರು, ಶುಸ್ಟರ್‌ಗೆ ಕಣ್ಣು ಮಂದವಾಗುತ್ತ ಬಂತು. 1975ರಲ್ಲಿ ಸೂಪರ್‌ಮ್ಯಾನ್ ಮೇಲೆ ದೊಡ್ಡ ಸಿನಿಮಾ ತೆಗೆಯುವ ಸುದ್ದಿ ಬಂದಾಗ ಸೀಗಲ್ ಪತ್ರಿಕೆಗಳಿಗೆ ತನ್ನ ಕಥೆ ಬರೆದು ಕಳುಹಿಸಿದರು. ನೀಲ್ ಆಡಮ್ಸ್, ಜೆರ್ರಿ ರಾಬಿನ್ಸನ್ ಮೊದಲಾದ ಚಿತ್ರಕಾರರು ಅವರ ಬೆನ್ನಿಗೆ ನಿಂತರು. ಊರೆಲ್ಲ ಮಾತಾಡತೊಡಗಿದ ಮೇಲೆ ಕಂಪೆನಿ ಬಗ್ಗಿತು: ತಲಾ ವರ್ಷಕ್ಕೆ 20 ಸಾವಿರ ಡಾಲರ್, ಮತ್ತು ಪುಸ್ತಕದ ಮೇಲೆ ಅವರ ಹೆಸರು.

ಕೊನೆಯ ಮಾತೊಂದು ಕೇಳಿ. 1938ರಲ್ಲಿ ಆ 130 ಡಾಲರನ್ನೂ ಬೇರೆ ಕೆಲಸದ ಬಾಕಿಯನ್ನೂ ಸೇರಿಸಿ 412 ಡಾಲರಿನ ಒಂದು ಚೆಕ್ ಕೊಟ್ಟಿದ್ದರು. ಆ ಹಳೆಯ ಚೆಕ್ಕಿನ ಕಾಗದ 2012ರಲ್ಲಿ ಹರಾಜಾಯಿತು, ಒಂದು ಲಕ್ಷದ ಅರುವತ್ತು ಸಾವಿರ ಡಾಲರಿಗೆ. ಕೂಲಿಗಿಂತ ಕೂಲಿಯ ಚೀಟಿಗೆ ಬೆಲೆ ಹೆಚ್ಚಾಯಿತು!

ಬೆಳ್ತಂಗಡಿಯ ಪ್ರಶ್ನೆ

ಬೆಳ್ತಂಗಡಿಯಲ್ಲಿ ಇಷ್ಟು ಹೇಳಿ ನೀರು ಕುಡಿಯುತ್ತಿದ್ದಾಗ, ಹಿಂದಿನ ಸಾಲಿನಲ್ಲಿ ಕುಳಿತಿದ್ದ ಬೀಡಿ ಕಟ್ಟುವ ಅಕ್ಕನೊಬ್ಬರು, "ಅಣ್ಣಾ, ಪುಟಕ್ಕೆ ಇಷ್ಟು ಎಂದರೆ ನಮ್ಮ ಸಾವಿರಕ್ಕೆ ಇಷ್ಟು ಎಂಬ ಹಾಗೆಯೇ ಅಲ್ಲವಾ?" ಎಂದರು.

ಹೌದು, ಹಾಗೆಯೇ. ನಾವು ಅಷ್ಟು ಹೊತ್ತು ಸುತ್ತಿ ಸುತ್ತಿ ಹೇಳಿದ್ದನ್ನು ಅವರು ಒಂದೇ ಮಾತಿನಲ್ಲಿ ಮುಗಿಸಿದರು. ಮನೆಯ ಜಗಲಿಯಲ್ಲಿ ಕುಳಿತು ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ, ನೂಲು ಸುತ್ತಿ ಬ್ರಾಂಚಿಗೆ ಕೊಟ್ಟ ಬೀಡಿಯ ಮೇಲೆ ಕಟ್ಟಿದವಳ ಗುರುತು ಉಳಿಯುವುದಿಲ್ಲ; ಮೇಲೆ ಅಂಟಿಸುವ ಚೀಟಿ ಕಂಪೆನಿಯದು. ಚಿತ್ರ ಬರೆಯುವವನೂ ತನ್ನ ಮನೆಯಲ್ಲಿಯೇ ಕುಳಿತು, ತನ್ನ ದೀಪ, ತನ್ನ ಬ್ರಷ್ಷಿನಿಂದ ಪುಟ ಮುಗಿಸಿ ಒಯ್ದು ಕೊಡುತ್ತಿದ್ದ. ರಜೆಯ ಸಂಬಳವಿಲ್ಲ, ಮುಪ್ಪಿಗೆ ಗತಿಯಿಲ್ಲ.

ಒಂದು ವ್ಯತ್ಯಾಸವುಂಟು. ಬೀಡಿ ಸೇದಿದರೆ ಮುಗಿಯಿತು. ಚಿತ್ರ ಮುಗಿಯುವುದಿಲ್ಲ. ಒಮ್ಮೆ ಬರೆದ ಪುಟವನ್ನು ನೂರು ಸಲ ಅಚ್ಚು ಹಾಕಬಹುದು, ಬೇರೆ ಭಾಷೆಗೆ ತಿರುಗಿಸಬಹುದು, ಸಿನಿಮಾ ಮಾಡಬಹುದು, ಅಂಗಿಯ ಮೇಲೆ ಒತ್ತಬಹುದು. ಕೂಲಿ ಮಾತ್ರ ಒಂದೇ ಸಲದ್ದು.

ಇನ್ನೂ ಒಂದು ವ್ಯತ್ಯಾಸ, ಇದು ನಮ್ಮ ಹೆಮ್ಮೆಯದು. ಬೀಡಿ ಕಾರ್ಮಿಕರು ಸಂಘ ಕಟ್ಟಿದರು. ಮನೆಯಲ್ಲಿ ಕುಳಿತು ಕಟ್ಟುವವರನ್ನೂ ಕಾರ್ಮಿಕರೆಂದು ಒಪ್ಪುವ ಕಾನೂನು 1966ರಲ್ಲಿ ಪಾರ್ಲಿಮೆಂಟಿನಲ್ಲಿ ಆಯಿತು. ಅಮೆರಿಕದ ಚಿತ್ರಕಾರರು 1950ರ ದಶಕದ ಆರಂಭದಲ್ಲಿ ಬರ್ನಾರ್ಡ್ ಕ್ರಿಗ್‌ಸ್ಟೀನ್ ಎಂಬವರ ಮುಂದಾಳುತನದಲ್ಲಿ ಸಂಘ ಕಟ್ಟಲು ನೋಡಿದರು, ಅದು ಬಾಳಲಿಲ್ಲ. ಕಾಲೇಜು ಮೆಟ್ಟಲು ಹತ್ತದ ನಮ್ಮ ಅಕ್ಕಂದಿರು ಸಾಧಿಸಿದ್ದನ್ನು ಅವರು ಸಾಧಿಸಲಾಗಲಿಲ್ಲ.

ಹನ್ನೊಂದರಿಂದ ಎಣಿಕೆ

ಈಗ ಊರಿಗೆ ಮರಳೋಣ. ಇಂಗ್ಲಿಷಿನ ಹಳೆಯ ಅಮರ ಚಿತ್ರ ಕಥೆಗಳನ್ನು ಸಾಲಾಗಿ ಜೋಡಿಸಿದರೆ ಒಂದು ಒಗಟು ಕಾಣುತ್ತದೆ. ಮೊದಲನೆಯದು 'ಕೃಷ್ಣ'. ಅದರ ನಂಬರು 11. ಹಾಗಾದರೆ ಒಂದರಿಂದ ಹತ್ತು ಎಲ್ಲಿ?

ಅವು ಕನ್ನಡದಲ್ಲಿವೆ.

ಕನ್ನಡದ ಮಕ್ಕಳಿಗೆ ಚಿತ್ರ ಸಹಿತ ಕಥೆ ಆಗಲೇ ರೂಢಿಯಾಗಿತ್ತು. ಮದ್ರಾಸಿನ 'ಚಂದಮಾಮ' 1948ರಿಂದ ಕನ್ನಡದಲ್ಲಿ ಬರುತ್ತಿತ್ತು. ಅದರ ಚಿತ್ರಗಳಲ್ಲಿ ನಮ್ಮ ಎಂ.ಟಿ.ವಿ. ಆಚಾರ್ಯರ ಕೈಯಿತ್ತು. 1964ರಲ್ಲಿ ಮುಂಬಯಿಯ ಟೈಮ್ಸ್ ಆಫ್ ಇಂಡಿಯಾ ಸಂಸ್ಥೆ 'ಇಂದ್ರಜಾಲ ಕಾಮಿಕ್ಸ್' ಆರಂಭಿಸಿ, ಅಮೆರಿಕದ ಫ್ಯಾಂಟಮನ ಕಥೆಗಳನ್ನು ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ಹೊರಡಿಸಿತು.

ಬೆಂಗಳೂರಿನಲ್ಲಿ ಜಿ.ಕೆ. ಅನಂತರಾಂ ಎಂಬವರಿದ್ದರು. ಇಂಡಿಯಾ ಬುಕ್ ಹೌಸ್ ಎಂಬ ಮುಂಬಯಿಯ ಸಂಸ್ಥೆಗಾಗಿ ಅಲ್ಲಿ ಪುಸ್ತಕ ಮಾರುತ್ತಿದ್ದವರು. ಚಿತ್ರಕಾರರಲ್ಲ, ಸಾಹಿತಿಯಲ್ಲ, ಯಾವ ಪುಸ್ತಕ ಯಾವ ಕೈಗೆ ಹೋಗುತ್ತದೆ ಎಂಬುದನ್ನು ಬಲ್ಲ ವ್ಯಾಪಾರದ ಮನುಷ್ಯ. ಚಿತ್ರಕಥೆಗಳನ್ನು ಕನ್ನಡದಲ್ಲಿ ತಂದರೆ ಓಡುತ್ತದೆ ಎಂದು ಅವರಿಗೆ ಹೊಳೆಯಿತು. 1965ರಲ್ಲಿ 'ಅಮರ ಚಿತ್ರ ಕಥೆ' ಎಂಬ ಹೆಸರಿನಲ್ಲಿ ಹತ್ತು ಪುಸ್ತಕಗಳ ಮಾಲೆ ಕನ್ನಡದಲ್ಲಿ ಶುರುವಾಯಿತು. ಕಥೆಗಳು ಪಶ್ಚಿಮದವು: ಸಿಂಡರೆಲಾ, ಸ್ನೋ ವೈಟ್ ಮತ್ತು ಅಂಥವು. ಪುಸ್ತಕಗಳು ಚೆನ್ನಾಗಿ ಮಾರಾಟವಾದವು. ಆಗ ಮುಂಬಯಿಯ ಯಜಮಾನರಿಗೆ, ಅಂದರೆ ಮೀರ್‌ಚಂದಾನಿಯವರಿಗೆ, ಇದನ್ನು ಇಂಗ್ಲಿಷಿನಲ್ಲಿಯೂ ಏಕೆ ಮಾಡಬಾರದು ಎನಿಸಿತು. ಅದಕ್ಕಾಗಿ ಅನಂತ ಪೈಯವರನ್ನು ತಂದರು. ಇದು ಅನಂತರಾಂ ಹೇಳಿದ ಇತಿಹಾಸ.

ಅನಂತ ಪೈ ಹೇಳಿದ ಇತಿಹಾಸ ಬೇರೆ. ಅದೂ ನಿಮಗೆ ತಿಳಿದಿರಲಿ. 1967ರ ಫೆಬ್ರವರಿಯಲ್ಲಿ ಅವರು ದಿಲ್ಲಿಯಲ್ಲಿದ್ದರು. ದೂರದರ್ಶನದಲ್ಲಿ ಶಾಲೆಯ ಮಕ್ಕಳ ರಸಪ್ರಶ್ನೆ ನಡೆಯುತ್ತಿತ್ತು. ಗ್ರೀಕರ ದೇವತೆಗಳ ವಿಷಯ ಕೇಳಿದರೆ ಮಕ್ಕಳು ಪಟಪಟನೆ ಉತ್ತರಿಸಿದರು. ರಾಮನ ತಾಯಿ ಯಾರೆಂದು ಕೇಳಿದರೆ ಸುಮ್ಮನಾದರು. ನಮ್ಮ ಕಥೆಗಳನ್ನು ನಮ್ಮ ಮಕ್ಕಳಿಗೆ ಮುಟ್ಟಿಸಬೇಕೆಂಬ ಹಟ ಅವರಿಗೆ ಹುಟ್ಟಿದ್ದು ಅಲ್ಲಿ.

ಎರಡರಲ್ಲಿ ಯಾವುದು ಸರಿ? ನಮ್ಮ ಮಟ್ಟಿಗೆ ಇವು ಒಂದನ್ನೊಂದು ಅಳಿಸುವ ಮಾತುಗಳಲ್ಲ. ಪಶ್ಚಿಮದ ಕಥೆ ಬಿಟ್ಟು ನಮ್ಮ ಪುರಾಣ, ನಮ್ಮ ಇತಿಹಾಸ ಎಂಬ ದಾರಿ ಹಿಡಿಸಿದವರು ಪೈ. ಇಂಥ ಪುಸ್ತಕ ಈ ನೆಲದಲ್ಲಿ ಮಾರಾಟವಾಗುತ್ತದೆ ಎಂದು ಮೊದಲು ತೋರಿಸಿಕೊಟ್ಟದ್ದು ಬೆಂಗಳೂರಿನ ಕನ್ನಡದ ಮಾಲೆ. ಆದರೆ ಹೆಸರು? ಸಂಸ್ಥಾಪಕರೆಂದು ಲೋಕವೆಲ್ಲ ಹೇಳುವುದು ಒಬ್ಬರನ್ನು. ಇನ್ನೊಬ್ಬರು ಒಂದು ಸಾಲಿನಲ್ಲಿ ಬಂದು ಹೋಗುತ್ತಾರೆ. ಹನ್ನೊಂದರಿಂದ ಶುರುವಾಗುವ ಆ ಎಣಿಕೆಯೇ ಅವರ ಸ್ಮಾರಕ. ಹೆಸರು ಅಳಿಸಬಹುದು, ನಂಬರು ಅಳಿಸುವುದು ಕಷ್ಟ.

ಕಾರ್ಕಳದ ಹುಡುಗ

ಅನಂತ ಪೈ ಹುಟ್ಟಿದ್ದು 1929ರ ಸೆಪ್ಟೆಂಬರ್ 17ರಂದು. ಎರಡು ವರ್ಷದವರಿರುವಾಗಲೇ ತಂದೆತಾಯಿ ಇಬ್ಬರೂ ಇಲ್ಲವಾದರು. ಹನ್ನೆರಡನೆಯ ವರ್ಷದಲ್ಲಿ ಮುಂಬಯಿ ಸೇರಿದರು. ಆ ಕಾಲದಲ್ಲಿ ನಮ್ಮ ಜಿಲ್ಲೆಯ ಎಷ್ಟು ಮಕ್ಕಳು ಹಾಗೆ ಹೋಗಲಿಲ್ಲ! ಕೆಲವರು ಹೋಟೆಲಿನಲ್ಲಿ ಲೋಟ ತೊಳೆದು ರಾತ್ರಿ ಶಾಲೆಯಲ್ಲಿ ಓದಿದರು. ಇವರು ಮಾಹಿಮಿನ ಶಾಲೆಯಲ್ಲಿ ಓದಿ, ಮುಂದೆ ಮುಂಬಯಿ ವಿಶ್ವವಿದ್ಯಾಲಯದಲ್ಲಿ ರಸಾಯನ ತಂತ್ರಜ್ಞಾನ ಕಲಿತರು. ಕಲಿತದ್ದು ರಸಾಯನ, ಮನಸ್ಸು ಪುಸ್ತಕದಲ್ಲಿ. 1954ರಲ್ಲಿ 'ಮಾನವ' ಎಂಬ ಮಕ್ಕಳ ಪತ್ರಿಕೆ ಮಾಡಿ ಕೈ ಸುಟ್ಟುಕೊಂಡರು. ಆಮೇಲೆ ಟೈಮ್ಸ್ ಆಫ್ ಇಂಡಿಯಾದ ಪುಸ್ತಕ ವಿಭಾಗಕ್ಕೆ ನೌಕರಿಗೆ ಸೇರಿ ಇಂದ್ರಜಾಲದ ಕೆಲಸದಲ್ಲಿದ್ದು ಈ ಕಸುಬಿನ ಒಳಹೊರಗು ಕಲಿತರು.

'ಕೃಷ್ಣ' ಹೊರಬಂದಾಗ ಅಂಗಡಿಯವರು ಅದನ್ನು ಇಡಲು ಹಿಂಜರಿದರು. ಚಿತ್ರಕಥೆ ಎಂದರೆ ಹುಡುಗರನ್ನು ಕೆಡಿಸುವ ವಸ್ತು ಎಂಬ ಭಾವನೆ ಹಿರಿಯರಲ್ಲಿತ್ತು. ಶಾಲೆಗಳು ದೂರವಿಟ್ಟವು. ಮೊದಲ ವರ್ಷಗಳಲ್ಲಿ ಮಾರಾಟ ತೀರಾ ಮಂದ. ಪುಸ್ತಕದಂಗಡಿಯ ಆಚೆಗೂ ಮಾರುವ ದಾರಿ ಹುಡುಕಿ, ಶಾಲೆಗಳ ಬಾಗಿಲು ತಟ್ಟಿ, ಭಾಷೆಯ ಮೇಲೆ ಭಾಷೆ ಸೇರಿಸಿ ಅದನ್ನು ಬೆಳೆಸಲಾಯಿತು. 1970ರ ದಶಕದ ಕೊನೆಗೆ ವರ್ಷಕ್ಕೆ ಸುಮಾರು 50 ಲಕ್ಷ ಪ್ರತಿ ಮಾರಾಟವಾಗುತ್ತಿತ್ತು. 1980ರ ನವೆಂಬರಿನಲ್ಲಿ 'ಟಿಂಕಲ್' ಪತ್ರಿಕೆ ಜೊತೆಗೂಡಿತು.

ಬಂಟ್ವಾಳದ ಆ ಅಂಗಡಿಯವರು ಇಲ್ಲಿಯೂ ಒಂದು ಮಾತು ಹೇಳಿದರು: "ಮಾರುವವ ಇಡುವುದಿಲ್ಲ ಎಂದರೆ ದೇವರ ಕಥೆಯೂ ಗೋದಾಮಿನಲ್ಲಿಯೇ ಉಳಿಯುತ್ತದೆ." ಸತ್ಯ. ಒಂದೊಂದು ಪುಸ್ತಕದಲ್ಲಿ ಕೆಲವೇ ಪೈಸೆ ಲಾಭ ನೋಡಿ, ಮಳೆಯಿಂದ ಕಾಪಾಡಿ, ಕೊಳ್ಳದೆ ಓದುವ ಮಕ್ಕಳನ್ನು ಗದರಿಸಿಯೂ ಓದಲು ಬಿಟ್ಟ ಸಣ್ಣ ಅಂಗಡಿಗಳು ಇಲ್ಲದಿದ್ದರೆ ಈ ಇತಿಹಾಸವೇ ಇಲ್ಲ. ಅವುಗಳ ಹೆಸರೂ ಎಲ್ಲಿಯೂ ಅಚ್ಚಾಗಿಲ್ಲ.

ಒಳಪುಟದ ಹೆಸರು

'ಕೃಷ್ಣ'ನ ಚಿತ್ರ ಬರೆದವರು ರಾಮ್ ವಾಯೀರ್‌ಕರ್. ಪ್ರತಾಪ್ ಮುಳಿಕ್, ದಿಲೀಪ್ ಕದಂ, ಸೌರೇನ್ ರಾಯ್, ಯೂಸುಫ್ ಲೀನ್, ಇವರೆಲ್ಲ ಈ ಮಾಲೆಯ ಚಿತ್ರಕಾರರು. ಕಮಲಾ ಚಂದ್ರಕಾಂತ್, ಸುಬ್ಬರಾವ್, ಲೂಯಿಸ್ ಫರ್ನಾಂಡಿಸ್ ಮೊದಲಾದವರು ಬರೆದವರು, ತಿದ್ದಿದವರು. ಕೃಷ್ಣನ ಕಥೆಗೆ, ರಾಮನ ಕಥೆಗೆ ಗೆರೆಯೆಳೆದ ಕೈಗಳಲ್ಲಿ ಯೂಸುಫರ ಕೈಯೂ ಇತ್ತು, ತಿದ್ದಿದ ಕೈಗಳಲ್ಲಿ ಲೂಯಿಸರ ಕೈಯೂ ಇತ್ತು ಎಂಬುದನ್ನು ಈ ದಿನಗಳಲ್ಲಿ ಒತ್ತಿ ಹೇಳಬೇಕು. ಕೆಲಸದ ಮೇಜಿಗೆ ಜಾತಿ ಮತಗಳಿಲ್ಲ.

ವಾಯೀರ್‌ಕರರು ಟಿಂಕಲಿನಲ್ಲಿ ಚಿತ್ರಿಸಿದ ಸುಪ್ಪಾಂಡಿಯನ್ನು ನಿಮ್ಮ ಮಕ್ಕಳು ಬಲ್ಲರು. ಅವರು 2003ರಲ್ಲಿ ತೀರಿಕೊಂಡ ಮೇಲೆ ಅವರ ಮಗಳು ಅರ್ಚನಾ ಅಂಬೇರ್ಕರ್ ಆ ಕೆಲಸ ಮುಂದುವರಿಸಿದರು. ತಂದೆಯ ಕಸುಬು ಮಗಳ ಕೈಗೆ ಬಂತು. ಆದರೆ ಸುಪ್ಪಾಂಡಿಯ ಒಡೆತನ ಕಂಪೆನಿಯದು.

ನ್ಯಾಯಕ್ಕೆ ಒಪ್ಪುವ ಮಾತನ್ನೂ ಹೇಳಬೇಕು. ಅಮೆರಿಕದ ಕಂಪೆನಿ ಹೆಸರನ್ನೇ ಕಿತ್ತುಹಾಕಿದ ಹಾಗೆ ಇಲ್ಲಿ ಆಗಲಿಲ್ಲ. ಅಮರ ಚಿತ್ರ ಕಥೆಯ ಒಳಪುಟದಲ್ಲಿ ಬರೆದವರು ಇಂಥವರು, ಚಿತ್ರಿಸಿದವರು ಇಂಥವರು ಎಂದು ಅಚ್ಚಾಗುತ್ತಿತ್ತು. ಅದು ದೊಡ್ಡ ಮಾತೇ. ಆದರೆ ಹೆಸರು ಬೇರೆ, ಹಕ್ಕು ಬೇರೆ. 1991ರ ಹೊತ್ತಿಗೆ ಹೊಸ ಪುಸ್ತಕಗಳ ಓಟ ನಿಂತಿತು. ಆ ವೇಳೆಗೆ ಟಿ.ವಿ.ಯಲ್ಲಿ ರಾಮಾಯಣ, ಮಹಾಭಾರತ ಬಂದುಹೋಗಿದ್ದವು. ಹಳೆಯವು ಮತ್ತೆ ಮತ್ತೆ ಅಚ್ಚಾಗುತ್ತ ಬಂದವು. 2007ರಲ್ಲಿ ಇಡೀ ಮಾಲೆಯನ್ನು ಎಸಿಕೆ ಮೀಡಿಯಾ ಎಂಬ ಹೊಸ ಕಂಪೆನಿ ಕೊಂಡಿತು. 2011ರ ಫೆಬ್ರವರಿ 24ರಂದು ಅನಂತ ಪೈ ತೀರಿಕೊಂಡರು. ಪುಸ್ತಕಗಳ ಯಜಮಾನರು ಬದಲಾದರು, ಗೆರೆಗಳು ಮಾತ್ರ ಅವೇ.

ಇನ್ನು ಕಥೆಗಳ ವಿಷಯ. ರಾಜರು, ದೇವತೆಗಳು, ವೀರರು, ಇವರೇ ಹೆಚ್ಚು. ಒಳ್ಳೆಯವರಿಗೆ ಬಿಳಿಯ ಮೈ, ದುಷ್ಟರಿಗೆ ಕಪ್ಪು ಮೈ ಬಳಿದದ್ದುಂಟು; ಹೆಂಗಸರು ಗಂಡನ ಹಿಂದೆ ನಿಂತದ್ದೇ ಹೆಚ್ಚು. ಈ ಟೀಕೆಯನ್ನು ವಿದ್ವಾಂಸರು ಮಾಡಿದ್ದಾರೆ, ನಾವೂ ಒಪ್ಪುತ್ತೇವೆ. ಆದರೆ ನೇಕಾರ ಕಬೀರರ ಪುಸ್ತಕವೂ ಬಂತು, ಬಾಬಾಸಾಹೇಬ ಅಂಬೇಡ್ಕರರ ಪುಸ್ತಕವೂ ಬಂತು. ನಿಮ್ಮ ಮೂಡುಬಿದಿರೆಯ ಚೌಟರ ಮನೆತನದ ರಾಣಿ ಅಬ್ಬಕ್ಕನೂ ಕೊನೆಗೆ ಆ ಮಾಲೆಯೊಳಗೆ ಬಂದಳು. ಪೋರ್ಚುಗೀಸರನ್ನು ಎದುರಿಸಿದ ಅವಳ ಕಥೆ ದಿಲ್ಲಿಯ ಮಗುವಿಗೂ ಸಿಕ್ಕಿತು. ಆದರೆ ಅವಳ ದೋಣಿಗಳಲ್ಲಿ ಹುಟ್ಟು ಹಾಕಿದ ಮೊಗವೀರರದ್ದೇ ಒಂದು ಪುಸ್ತಕ? ಹೆಂಚಿನ ಕಾರ್ಖಾನೆಯ, ಬೀಡಿಯ ಮನೆಗಳ ಒಂದು ಪುಸ್ತಕ? ಅದನ್ನು ಬೇರೆಯವರು ಮಾಡಿಕೊಡುವರೆಂದು ಕಾಯುವುದು ತಪ್ಪು.

ನಾವು ಮಾಡಬೇಕಾದದ್ದು

ಇಲ್ಲಿಯ ಹುಡುಗ ಹುಡುಗಿಯರು ಈಗ ಮನೆಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತು ದೂರದ ಕಂಪೆನಿಗಳಿಗೆ ಚಿತ್ರ ಮಾಡಿಕೊಡುತ್ತಿದ್ದಾರೆ. ಚಿತ್ರಕ್ಕೆ ಇಷ್ಟು, ಪುಟಕ್ಕೆ ಇಷ್ಟು. ಜಗಲಿಯ ಬೀಡಿಯ ಮೊರ ಹೋಗಿ ಅದೇ ಜಾಗಕ್ಕೆ ಕಂಪ್ಯೂಟರ್ ಬಂದಿದೆ, ಲೆಕ್ಕದ ಕ್ರಮ ಬದಲಾಗಿಲ್ಲ. ಅವರಿಗೆ ಮೂರು ಮಾತು.

ಮೊದಲನೆಯದು, ಓದದೆ ರುಜು ಹಾಕಬೇಡಿ. 'ಸರ್ವ ಹಕ್ಕು, ಎಂದೆಂದಿಗೂ' ಎಂಬ ಮಾತು ಕಂಡರೆ ಪೆನ್ನು ಕೆಳಗಿಡಿ. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾನೂನಿನ ಪ್ರಕಾರ ಹಕ್ಕು ಬರೆದುಕೊಡುವ ಪತ್ರದಲ್ಲಿ ಅವಧಿ ಹೇಳದಿದ್ದರೆ ಅದು ಐದೇ ವರ್ಷ ಎಂದು ತಿಳಿಯಬೇಕು. ಆದರೆ ಸಂಬಳದ ನೌಕರಿಯಲ್ಲಿದ್ದು ಮಾಡಿದ ಕೆಲಸ, ಬೇರೆ ಕರಾರಿಲ್ಲದಿದ್ದರೆ, ಯಜಮಾನನದು. ಹಣ ಕೊಟ್ಟು ಬರೆಸಿಕೊಂಡ ವರ್ಣಚಿತ್ರಕ್ಕೂ ಹೆಚ್ಚುಕಡಿಮೆ ಅದೇ ನಿಯಮ. ಆದ್ದರಿಂದ ಕರಾರು ಮೊದಲೇ ಆಗಬೇಕು.

ಎರಡನೆಯದು, ಹೆಸರು ಕೇಳಿ. ಹಕ್ಕು ಮಾರಿದ ಮೇಲೂ ಇದು ನನ್ನ ಕೃತಿ ಎಂದು ಹೇಳಿಕೊಳ್ಳುವ ಅಧಿಕಾರ ಕರ್ತೃವಿಗೆ ಉಳಿಯುತ್ತದೆ ಎಂದು ಅದೇ ಕಾನೂನಿನ 57ನೆಯ ವಿಧಿ ಹೇಳುತ್ತದೆ. ಸೀಗಲ್ ಮತ್ತು ಶುಸ್ಟರ್ ಸುಮಾರು ಮೂವತ್ತು ವರ್ಷ ಕಾದು ಪಡೆದದ್ದನ್ನು ನೀವು ಮೊದಲ ದಿನವೇ ಕೇಳಿ.

ಮೂರನೆಯದು, ಒಬ್ಬೊಬ್ಬರೇ ಕೇಳಬೇಡಿ. ಬೀಡಿಯ ಅಕ್ಕಂದಿರು ಒಬ್ಬೊಬ್ಬರೇ ಹೋಗಿ ಕೇಳಿದ್ದರೆ ಬ್ರಾಂಚಿನ ಬಾಗಿಲಿನಿಂದಲೇ ಹಿಂದೆ ಬರುತ್ತಿದ್ದರು.

ಉಳಿದ ನಮ್ಮೆಲ್ಲರಿಗೂ ಒಂದು ಸಣ್ಣ ಕೆಲಸವುಂಟು. ಇವತ್ತು ರಾತ್ರಿ ಮನೆಗೆ ಹೋಗಿ ಮಗುವಿಗೆ ಚಿತ್ರದ ಪುಸ್ತಕ ಓದಿ ಹೇಳುವಾಗ ಕಥೆಯಿಂದ ಶುರುಮಾಡಬೇಡಿ. ಒಳಪುಟ ತೆರೆಯಿರಿ. ಬರೆದವರು ಯಾರು, ಚಿತ್ರಿಸಿದವರು ಯಾರು ಎಂದು ಗಟ್ಟಿಯಾಗಿ ಓದಿ. ಹೆಸರು ಇಲ್ಲದಿದ್ದರೆ, ಏಕೆ ಇಲ್ಲ ಎಂದು ಮಗುವೇ ಕೇಳಲಿ. ಆ ಪ್ರಶ್ನೆ ಕೇಳಲು ಕಲಿತ ಮಗು ನಾಳೆ ಬೀಡಿಯ ಕಟ್ಟಿನ ಮೇಲೂ, ಹೆಂಚಿನ ಮೇಲೂ, ಅಂಗಿಯ ಮೇಲೂ ಅದೇ ಪ್ರಶ್ನೆ ಕೇಳುತ್ತದೆ.